ನಿನ್ನ ಅಪ್ಪ ಏರದ ಮೂರನೆಯ ಮೆಟ್ಟಿಲು

ಬೈಲಹೊಂಗಲ,
ಶನಿವಾರ, ೩ ಫೆಬ್ರುವರಿ ೧೯೧೨

ಪ್ರೀತಿಯ ರಾಮಲಿಂಗಾ,

ನಿನ್ನ ಪತ್ರಕ್ಕೆ ನಾಲ್ಕು ಸಾಲಿನ ಉತ್ತರ ಬರೆದು ಲಕೋಟೆಯನ್ನು ಅಂಟಿಸಿಯೂ ಬಿಟ್ಟಿದ್ದೆ. ಫ್ರೀಮೇಸನ್ನರ ಲಾಜಿಗೆ ಸೇರು, ಅಪ್ಪನ ಏಪ್ರನ್ ತೆಗೆದಿಟ್ಟಿದ್ದೇನೆ, ನನ್ನ ಆಶೀರ್ವಾದವಿದೆ ಎಂದಷ್ಟೇ ಅದರಲ್ಲಿತ್ತು. ಸುಳ್ಳು ಒಂದಕ್ಷರವೂ ಇರಲಿಲ್ಲ. ಆದರೆ ಹೇಳಲೇಬೇಕಾದ ಒಂದು ಮಾತನ್ನು ಹೊರಗಿಟ್ಟು ಬರೆದ ಪತ್ರ ಅದು. ಹಾಗೆ ಹೊರಗಿಡುವುದರಲ್ಲಿ ನಿನ್ನ ಅವ್ವನ ಕೈ ಎಷ್ಟು ಪಳಗಿದೆ ಎಂಬುದು ಇದನ್ನು ಓದಿ ಮುಗಿಸುವ ಹೊತ್ತಿಗೆ ನಿನಗೆ ತಿಳಿಯುತ್ತದೆ. ಬೆಳಿಗ್ಗೆ ಆ ಲಕೋಟೆಯನ್ನು ಒಲೆಗೆ ಹಾಕಿ, ಬಾಗಿಲ ಬಳಿ ಬೆಳಕಿಗೆ ಕೂತು ಇದನ್ನು ಶುರು ಮಾಡಿದ್ದೇನೆ.

ನಿನ್ನ ಕೆಮ್ಮು ಹೇಗಿದೆ? ಪುಣೆಯ ಚಳಿ ಇನ್ನೂ ಇಳಿದಿಲ್ಲವೆಂದು ಬರೆದಿದ್ದೆ. ಖಾನಾವಳಿಯ ಗೋಧಿ ಚಪಾತಿ ನಿನಗೆ ಒಗ್ಗುವುದಿಲ್ಲವೆಂದು ಗೊತ್ತು, ಆದರೆ ಹೊಟ್ಟೆ ಕಟ್ಟಿ ಓದಬೇಡ. ಚಪಾತಿಗೆ ಹಚ್ಚಿಕೊಳ್ಳಲು ಅಗಸಿ ಹಿಂಡಿ, ಶೇಂಗಾ ಹಿಂಡಿ ಎರಡನ್ನೂ ಕಟ್ಟಿಟ್ಟಿದ್ದೇನೆ. ಯಾರಾದರೂ ಬೆಳಗಾವಿ ಕಡೆಯಿಂದ ರೈಲಿಗೆ ಹೊರಟರೆ ಕಳಿಸುತ್ತೇನೆ. ಇಲ್ಲಿ ನಿನ್ನ ಆಯಿ ಗಟ್ಟಿಯಾಗಿದ್ದಾರೆ. ಬಲಗಣ್ಣಿಗೆ ಪೊರೆ ಬಂದಿದೆ, ಆದರೆ ಹಿತ್ತಲಿಗೆ ಯಾರ ಮನೆಯ ಕೋಳಿ ಬಂತು ಎಂಬುದು ಎಡಗಣ್ಣಿಗೇ ಕಾಣುತ್ತದೆ. ಬಿಳಿಜೋಳ ಈ ಸಲ ಎದೆಯೆತ್ತರ ನಿಂತಿದೆ. ಶಾಲೆಯಲ್ಲಿ ನನ್ನ ಹುಡುಗಿಯರು ಹದಿನೇಳು ಮಂದಿ ಆಗಿದ್ದಾರೆ, ಅವರಲ್ಲಿ ಮೂವರಿಗೆ ಇಂಗ್ಲಿಷ್ ಶುರು ಮಾಡಿದ್ದೇನೆ.

ಇಂಗ್ಲಿಷ್ ಎಂದಾಗ ನೆನಪಾಯಿತು, ಯಾವಾಗಲೂ ಇಂಗ್ಲಿಷಿನಲ್ಲಿ ಬರೆಯುವ ಅವ್ವ ಈ ಸಲ ಕನ್ನಡದಲ್ಲೇಕೆ ಬರೆದಳೆಂದು ನೀನು ಹುಬ್ಬೇರಿಸಿರಬಹುದು. ಮಿಷನ್ ಶಾಲೆಯಲ್ಲಿ ಒಂಬತ್ತು ವರ್ಷ ಕಲಿತ ನನ್ನ ಇಂಗ್ಲಿಷ್ ನನಗಿಂತ ಚೆಂದವಾಗಿದೆ, ರಾಮಲಿಂಗಾ. ಅದರಲ್ಲಿ ಬರೆದರೆ ನನ್ನ ತಪ್ಪು ಕೂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಲ್ಲುತ್ತದೆ. ಇಂದು ಅದು ಬೇಡ.

ನಿನ್ನ ಪತ್ರದಲ್ಲಿ ಒಂದು ಸಾಲಿತ್ತು: ಬಿಳಿಯರು ಅಪ್ಪನಿಗೆ ಕೊಡದೆ ಹೋದ ಮೂರನೆಯ ಡಿಗ್ರಿಯನ್ನು ನಾನು ಪಡೆದೇ ತೀರುತ್ತೇನೆ, ಏಪ್ರಿಲ್ ರಜೆಯಲ್ಲಿ ಬೆಳಗಾವಿ ಲಾಜಿನಲ್ಲಿ ಮೊದಲನೆಯದಕ್ಕೆ ನಿಲ್ಲುತ್ತೇನೆ ಎಂದು. ಅಲ್ಲಿಂದ ಮುಂದೆ ಓದಲಾಗದೆ ಪತ್ರ ಮಡಚಿಟ್ಟೆ. ಏಕೆಂದರೆ ಬಿಳಿಯರು ಕೊಡಲಿಲ್ಲ ಎಂಬ ಮಾತನ್ನು ನಿನಗೆ ಕಲಿಸಿದವಳು ನಾನೇ. ಅದು ನಿಜವಲ್ಲ.

ನಿನ್ನ ಅಪ್ಪ ಮೊದಲನೆಯ ಡಿಗ್ರಿಗೆ ಹೋದಾಗ ನಿನಗೆ ಹತ್ತು ವರ್ಷ. ರಸ್ತೆ ಕಟ್ಟಿಸುವ ಬಾಂಧಕಾಮ ಖಾತೆಯ ಓವರ್ಸಿಯರನೊಬ್ಬ ದಂಡಿನ ಸಾಹೇಬರ ಜೊತೆ ಒಂದೇ ಸಭೆಯಲ್ಲಿ ಕೂರುವುದೆಂದರೆ ನಮ್ಮ ಓಣಿಗೆಲ್ಲ ಅಚ್ಚರಿ. ಒಬ್ಬ ಪಾರ್ಸಿ ಶೇಟರು ಅವರ ಹೆಸರು ಸೂಚಿಸಿದ್ದರು. ಊರಲ್ಲಿ ಲಾಜಿಗೆ ಜಾದೂ ಬಂಗಲೆ ಎಂದೇ ಹೆಸರು. ನಿನ್ನ ಆಯಿ, 'ಅಲ್ಲಿ ರುಂಡಾ ಕಡದು ಮತ್ತ ಜೋಡಸ್ತಾರಂತಲ್ಲೋ ಯಪ್ಪಾ, ನಿನಗ ಯಾಕ ಬೇಕ ಈ ಉಸಾಬರಿ' ಎಂದು ಮೂರು ದಿನ ಅತ್ತರು. ಮಗ ಮರಳಿ ಬಂದ ಬೆಳಿಗ್ಗೆ ಅವನ ಕುತ್ತಿಗೆಯನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡಿ, ಹೊಲಿಗೆ ಕಾಣಲಿಲ್ಲವೆಂದು ಸಮಾಧಾನಪಟ್ಟರು. ಸಮಾಧಾನ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಪೆಟ್ಟಿಗೆಯಲ್ಲಿ ಬಿಳಿಯ ಕುರಿಚರ್ಮದ ಏಪ್ರನ್ ಕಂಡಿತು. 'ಲಿಂಗಾಯತರ ಮನ್ಯಾಗ ಕುರಿ ತೊಗಲಾ!' ಎಂದು ಅದನ್ನು ದನದ ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿಸಿದರು. ಅದು ಇಂದಿಗೂ ಮನೆಯೊಳಗೆ ಬಂದಿಲ್ಲ. ನಾನೂ ತಂದಿಲ್ಲ.

ಲಾಜಿನ ಗುಟ್ಟನ್ನು ಅವರು ನನಗೆ ಎಂದೂ ಹೇಳಲಿಲ್ಲ, ಆಣೆ ಮಾಡಿದ್ದರು. ಪಾಠಗಳನ್ನು ಮಾತ್ರ ಹೇಳಿದರು. ಅವು ಗುಟ್ಟಲ್ಲವಂತೆ. ಮೊದಲ ಡಿಗ್ರಿಗೆ ನಿಲ್ಲುವವನು ಮೈಮೇಲೆ ಲೋಹ ಇಟ್ಟುಕೊಳ್ಳಬಾರದೆಂದು ಮುಂಚೆಯೇ ತಿಳಿಸಿದ್ದರು. ಉಂಗುರ, ಗಡಿಯಾರ ಸರಿ. ಕೊರಳ ಲಿಂಗ? ಅದು ಬೆಳ್ಳಿಯ ಕರಡಿಗೆಯಲ್ಲಿತ್ತು. ಒಂದು ವಾರ ಯೋಚಿಸಿ ಕೊನೆಗೆ ನನ್ನಿಂದ ದಪ್ಪ ಬಟ್ಟೆಯ ಚೀಲ ಹೊಲಿಸಿ, ಕರಡಿಗೆಯನ್ನು ಜಗುಲಿಯ ಮೇಲಿಟ್ಟು, ಲಿಂಗವನ್ನು ಬಟ್ಟೆಯಲ್ಲೇ ಕಟ್ಟಿಕೊಂಡು ಹೋದರು. ಅಲ್ಲಿ ಆ ಸ್ಥಿತಿಯಲ್ಲಿ ನಿಲ್ಲಿಸಿ, ಬಡವರಿಗಾಗಿ ಏನಾದರೂ ಕೊಡು ಎಂದು ಕೇಳಿದರಂತೆ. ಜೇಬಿಗೆ ಕೈ ಹೋಯಿತು, ಏನೂ ಸಿಗಲಿಲ್ಲ. 'ಕೊಡಬೇಕನಸಿದಾಗ ಏನೂ ಇರದವನ ಮಾರಿ ಹೆಂಗ ಆಗತೈತಿ ಅಂತ ಇವತ್ತ ಗೊತ್ತಾತು' ಎಂದರು. ಆ ಮಾತಿಗೆ ನನ್ನ ಕಣ್ಣು ತುಂಬಿತ್ತು. ಅಪ್ಪ ಲಾಜಿನಿಂದ ಬಂದ ಹೊಸತರಲ್ಲಿ ನಿನಗೂ ಒಂದು ಪಾಠವಾಗಿತ್ತು, ನೆನಪಿದೆಯೆ? ಇಪ್ಪತ್ನಾಲ್ಕು ಅಂಗುಲದ ಅಳತೆಪಟ್ಟಿ ಹಿಡಿದು, ದಿನದ ಇಪ್ಪತ್ನಾಲ್ಕು ತಾಸನ್ನು ದೇವರಿಗೆ, ದುಡಿಮೆಗೆ, ನಿದ್ದೆಗೆ ಹಂಚಬೇಕೆಂದು ಹೇಳುತ್ತಿದ್ದರು. ರೊಟ್ಟಿ ಬಡಿಯುತ್ತಿದ್ದ ಆಯಿ ತಲೆಯೆತ್ತದೆ, 'ಮನಿ ಹೆಂಗಸರಿಗೆ ಮೂವತ್ತಾರ ಅಂಗಳದ್ದ ಒಂದ ಪಟ್ಟಿ ಮಾಡಸಪಾ' ಎಂದಿದ್ದರು.

ಮರುವರ್ಷ ಎರಡನೆಯ ಡಿಗ್ರಿ. ಮೂಲೆಮಟ್ಟ, ಮಟ್ಟದ ಹಲಗೆ, ತೂಗುಗುಂಡು. ಈ ಮೂರೂ ಅವರ ಕೆಲಸದ ಸಾಮಾನುಗಳೇ. ನಡತೆಯನ್ನು ಮೂಲೆಮಟ್ಟದಲ್ಲಿ ಹಿಡಿದು ನೋಡು, ಎಲ್ಲ ಮನುಷ್ಯರೂ ಒಂದೇ ಮಟ್ಟದಲ್ಲಿ ನಿಂತವರೆಂದು ತಿಳಿ, ತೂಗುಗುಂಡಿನ ದಾರದಂತೆ ನೆಟ್ಟಗೆ ಬಾಳು ಎಂಬ ಪಾಠ. ಕಲ್ಲುಮಣ್ಣಿನಲ್ಲಿ ಇಪ್ಪತ್ತು ವರ್ಷ ಕಳೆದ ಮನುಷ್ಯನಿಗೆ, ತನ್ನ ಕೈಯಲ್ಲಿದ್ದುದೇ ಶಾಸ್ತ್ರವಾಯಿತು ಎನ್ನಿಸಿದಾಗ ಎಂಥ ಸಂತೋಷ! ಮನೆಯ ಬಾಗಿಲು, ತುಳಸಿಯಿಲ್ಲದ ನಮ್ಮ ಬರಿಯ ಕಟ್ಟೆ, ನೀರಿನ ಹರವಿ ಇಡುವ ಹಲಗೆ, ಎಲ್ಲಕ್ಕೂ ಗುಂಡು ಬಿಟ್ಟು ನೋಡಿದರು. ಆ ಸಂತೋಷದಲ್ಲೇ ತಪ್ಪು ನಡೆಯಿತು.

ಯರಗಟ್ಟಿ ಹತ್ತಿರ ಹಳ್ಳದ ದಂಡೆಗೆ, ರಸ್ತೆಯ ಮಣ್ಣು ಜಾರದಂತೆ ಒಂದು ತಡೆಗೋಡೆ ಕಟ್ಟುತ್ತಿದ್ದರು. ಮೇಸ್ತ್ರಿ ಸವದತ್ತಿಯ ಬೀರಪ್ಪ. ನೀನು ಚಿಕ್ಕವನಿದ್ದಾಗ ನಿನಗೆ ಕಲ್ಲಿನ ಬುಗುರಿ ಮಾಡಿಕೊಟ್ಟವನು, ಕಿವಿಯಲ್ಲಿ ಒಂಟಿ ಇದ್ದವನು. ಗೋಡೆ ಎದೆಮಟ್ಟ ಬಂದಾಗ ನಿನ್ನ ಅಪ್ಪ ಹೋಗಿ ಗುಂಡು ಬಿಟ್ಟರು. ಗೋಡೆ ಮಣ್ಣಿನ ಕಡೆ ವಾಲಿತ್ತು. ನಕಾಶೆಯಲ್ಲೂ ಸ್ವಲ್ಪ ವಾಲು ಇತ್ತು, ಬೀರಪ್ಪ ಅದಕ್ಕಿಂತ ಒಂದಿಷ್ಟು ಹೆಚ್ಚೇ ಕೊಟ್ಟಿದ್ದ. ಬಿಚ್ಚು ಎಂದರು. ಬೀರಪ್ಪ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು ಹೇಳಿದನಂತೆ: 'ಸಾಹೇಬ್ರ, ಇದು ಮನಿ ಗ್ವಾಡಿ ಅಲ್ರಿ. ಎರಿಮಣ್ಣ ನೀರ ಕುಡದ್ರ ಬಸರಿ ಹೆಂಗಸಿನ ಹಂಗ ಉಬ್ಬತೈತ್ರಿ. ಗ್ವಾಡಿ ಅದಕ್ಕ ಬೆನ್ನ ಕೊಟ್ಟ ಒರಗಿರಬೇಕ್ರಿ.' ಇವರು, 'ಗುಂಡ ಸುಳ್ಳ ಹೇಳಂಗಿಲ್ಲ ಬೀರಪ್ಪಾ' ಎಂದರು. ಅವನು, 'ಗುಂಡ ಸುಳ್ಳ ಹೇಳಂಗಿಲ್ರಿ. ಆದ್ರ ಅದಕ್ಕ ಮಣ್ಣಿನ ಸುದ್ದಿ ಗೊತ್ತಿಲ್ರಿ' ಎಂದ. ಆ ರಾತ್ರಿ ಊಟಕ್ಕೆ ಕೂತಾಗ ಇದನ್ನು ನಿನ್ನ ಅಪ್ಪನೇ ನಗುತ್ತ ನನಗೆ ಹೇಳಿದ್ದರು, ನಾನೂ ನಕ್ಕೆ. ಗೋಡೆಯನ್ನು ಬಿಚ್ಚಿಸಿ, ನಕಾಶೆ ತೋರಿಸಿದ್ದ ವಾಲನ್ನೂ ಬಿಟ್ಟು, ದಾರದಷ್ಟು ನೆಟ್ಟಗೆ ಕಟ್ಟಿಸಿದರು. ಬೀರಪ್ಪ ಎರಡನೆಯ ಮಾತಾಡದೆ ಕಟ್ಟಿದ.

೧೯೦೩ರ ಹಿಂಗಾರಿ ಮಳೆ ನಾಲ್ಕು ದಿನ ಬಿಡದೆ ಹೊಡೆಯಿತು. ಗೋಡೆ ಹೊಟ್ಟೆ ಉಬ್ಬಿಸಿ ಹಳ್ಳಕ್ಕೆ ಕುಸಿಯಿತು. ರಸ್ತೆಯ ಮೇಲಿದ್ದ ಗಾಡಿ ಉರುಳಿ ಒಂದು ಎತ್ತು ಸತ್ತಿತು. ಗಾಡಿಯವನು ಜಿಗಿದು ಬದುಕಿಕೊಂಡ. ಏಕೆ ಬಿತ್ತು ಎಂದು ಬೆಳಗಾವಿಯ ಎಂಜಿನಿಯರ್ ಕಚೇರಿಯಿಂದ ರಿಪೋರ್ಟು ಕೇಳಿ ಕಾಗದ ಬಂತು.

ಇಲ್ಲಿಂದ ಮುಂದಿನದು ನನ್ನ ಕಥೆ. ನಿನ್ನ ಅಪ್ಪ ಕನ್ನಡ ಶಾಲೆಯಲ್ಲಿ ಓದಿ, ಇಂಗ್ಲಿಷನ್ನು ಕಚೇರಿಯಲ್ಲಿ ಕೇಳಿ ಕಲಿತವರು. ರಿಪೋರ್ಟುಗಳನ್ನು ಸೀಸದ ಕಡ್ಡಿಯಲ್ಲಿ ಗೀಚಿ ಕೊಡುತ್ತಿದ್ದರು, ನಾನು ತಿದ್ದಿ ಮಸಿಯಲ್ಲಿ ಬರೆಯುತ್ತಿದ್ದೆ, ಅವರು ಸಹಿ ಮಾಡುತ್ತಿದ್ದರು. ಸರಕಾರದ ಕಾಗದವನ್ನು ಹೆಂಡತಿಯ ಕೈಗೆ ಕೊಡುವಂತಿರಲಿಲ್ಲ, ಆದರೆ ಯಾರಿಗೂ ಗೊತ್ತಿರಲಿಲ್ಲ. ಕಚೇರಿಯಲ್ಲಿ ಅವರ ಇಂಗ್ಲಿಷನ್ನು ಹೊಗಳಿದರೆ ಮನೆಗೆ ಬಂದು ನನಗೆ ಮಲ್ಲಿಗೆ ಕೊಟ್ಟು, 'ತಗೋ, ನಿನ್ನ ಇನಾಮ' ಎನ್ನುತ್ತಿದ್ದರು. ಆ ಸಲ ಅವರಿಗೆ ಚಳಿಜ್ವರ. ಆದರೂ ಗೀಚಿದ್ದರು. ಅದರಲ್ಲಿ ಸ್ಪಷ್ಟವಾಗಿತ್ತು: ಗೋಡೆಯನ್ನು ನೆಟ್ಟಗೆ ಕಟ್ಟಿಸಿದ್ದು ನನ್ನ ಆದೇಶ, ಮೇಸ್ತ್ರಿ ಬೇಡವೆಂದಿದ್ದ, ನಾನು ಕೇಳಲಿಲ್ಲ.

ಆ ವರ್ಷ ಅವರ ಬಡ್ತಿಯ ಮಾತು ನಡೆದಿತ್ತು. ನಿನ್ನನ್ನು ಬೆಳಗಾವಿಯ ಇಂಗ್ಲಿಷ್ ಶಾಲೆಗೆ ಹಾಕುವುದೆಂದು ನಾವು ಮಾತಾಡಿಕೊಂಡಿದ್ದೆವು. ನಿನಗಾಗಿ ಮಾಡಿದೆ ಎಂದು ಹೇಳುವುದು ಸುಲಭ, ಬಹಳ ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡಿದ್ದೇನೆ. ಈಗ ನೋಡಿದರೆ ಅದೂ ಪೂರ್ತಿ ನಿಜವಲ್ಲ. ಓವರ್ಸಿಯರನ ಹೆಂಡತಿ ಎನಿಸಿಕೊಳ್ಳುವುದಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುವ ಆಸೆ ನನಗೂ ಇತ್ತು. ಆ ಸಾಲನ್ನು ತೆಗೆದೆ. ಅದರ ಜಾಗದಲ್ಲಿ, ಮೇಸ್ತ್ರಿಯು ತನಗೆ ಕೊಟ್ಟ ಸೂಚನೆಗಳನ್ನು ಬಿಟ್ಟು ನಡೆದಂತೆ ತೋರುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದೆ. 'ತೋರುತ್ತದೆ' ಎಂದು ಬರೆದದ್ದಕ್ಕೆ ಆಗ ನನಗೆ ಹೆಮ್ಮೆ ಕೂಡ ಆಯಿತು. ಯಾರನ್ನೂ ನೇರವಾಗಿ ದೂರಿಲ್ಲ ಎಂದುಕೊಂಡೆ. ಅವರು ಎಂದಿನಂತೆ, ಓದದೆ, ಕಂಬಳಿಯೊಳಗಿಂದ ಕೈ ಚಾಚಿ ಸಹಿ ಮಾಡಿದರು.

ತಿಂಗಳೊಳಗೆ ಆದೇಶ ಬಂತು. ಸವದತ್ತಿಯ ಬೀರಪ್ಪನನ್ನು ಇನ್ನು ಮುಂದೆ ಖಾತೆಯ ಯಾವ ಕೆಲಸಕ್ಕೂ ತೆಗೆದುಕೊಳ್ಳಕೂಡದು. ನಿನ್ನ ಅಪ್ಪ ಅದನ್ನು ಎರಡು ಸಲ ಓದಿದರು. ಕಚೇರಿಗೆ ಹೋಗಿ ತಮ್ಮ ರಿಪೋರ್ಟಿನ ನಕಲು ತರಿಸಿ ಓದಿ ಬಂದರು. ಮೂರು ದಿನ ಮನೆಯಲ್ಲಿ ಮಾತಿಲ್ಲ. ನಾಲ್ಕನೆಯ ದಿನ ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ, 'ಬರದ ಕೈ ಯಾವದರ ಇರಲಿ, ಸಹಿ ನಂದ ಐತಿ' ಎಂದರು. ಅಷ್ಟೇ. ಆಮೇಲೆ ಸಾಯುವವರೆಗೆ ಐದು ವರ್ಷ ಆ ಮಾತು ಎತ್ತಲಿಲ್ಲ, ಮತ್ತು ಒಂದು ಕಾಗದವನ್ನೂ ನನ್ನ ಕೈಗೆ ಕೊಡಲಿಲ್ಲ. ಮುರುಕು ಇಂಗ್ಲಿಷಿನಲ್ಲಿ ತಾವೇ ಬರೆದರು. ಬಡ್ತಿ ಮಾತ್ರ ಬಂತು, ನೀನು ಬೆಳಗಾವಿಗೆ ಹೋದೆ.

ಮೂರನೆಯ ಡಿಗ್ರಿ ಏಕೆ ಆಗಲಿಲ್ಲವೆಂದು ನೀನು ಕೇಳಿದಾಗ, ಬಿಳಿಯರು ನಮ್ಮವರನ್ನು ಅಲ್ಲಿಯವರೆಗೆ ಏರಗೊಡುವುದಿಲ್ಲ ಎಂದೆ. ನನಗೆ ನಿಜ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲೂ ಇಲ್ಲ. ಆ ಉತ್ತರ ನನಗೆ ಅನುಕೂಲವಾಗಿತ್ತು. ಹೋದ ತಿಂಗಳು ಲಾಜಿನ ಹಳೆಯ ಕಾರ್ಯದರ್ಶಿ, ಅದೇ ಪಾರ್ಸಿ ಶೇಟರು, ನಿನ್ನ ವಿಷಯಕ್ಕೆ ನನ್ನ ಒಪ್ಪಿಗೆ ಕೇಳಿ ಬರೆದರು. ಮುದುಕರ ಕೈಬರಹ, ಓದಲು ಅರ್ಧ ದಿನ ಹಿಡಿಯಿತು. ನಿಮ್ಮ ಯಜಮಾನರನ್ನು ನಾವು ಮೂರು ಸಲ ಕರೆದೆವು, ಮೂರು ಸಲವೂ ಅವರೇ ಬೇಡವೆಂದರು ಎಂದು ಬರೆದಿದ್ದರು. ಯಾರೊಂದಿಗಾದರೂ ಮನಸ್ತಾಪವಿದ್ದರೆ ಅದನ್ನು ಹೊರಗೆ ಬಗೆಹರಿಸಿಕೊಳ್ಳದೆ ಒಳಗೆ ಕಾಲಿಡಬಾರದೆಂಬ ರೂಢಿ ಅವರಲ್ಲಿದೆಯಂತೆ. ಅದು ಲಾಜಿನ ಸದಸ್ಯರ ನಡುವಿನ ಮಾತು. ಆದರೆ ನಿನ್ನ ಅಪ್ಪ, 'ಸದಸ್ಯನಲ್ಲದಿದ್ದರೇನು, ಅವನೂ ಕಲ್ಲಿನವನೇ. ಅವನೊಂದಿಗೆ ನನ್ನದು ನೆಟ್ಟಗಾಗಿಲ್ಲ' ಎಂದಿದ್ದರಂತೆ. ಯಾರು, ಏನು ಎಂದು ಹೇಳಲಿಲ್ಲವಂತೆ. ಮೂರನೆಯ ಡಿಗ್ರಿ ಸಾವಿನ ಪಾಠ, ಕೊಟ್ಟ ಮಾತನ್ನು ಪ್ರಾಣ ಹೋದರೂ ಬಿಡದಿರುವ ಪಾಠ, ಅದಕ್ಕೆ ನಾನು ಯೋಗ್ಯನಲ್ಲ ಎಂದು ಮೂರನೆಯ ಸಲ ಕಣ್ಣೀರು ಹಾಕಿದರೆಂದೂ ಶೇಟರು ಬರೆದಿದ್ದಾರೆ. ನನ್ನ ಮುಂದೆ ಅವರು ಎಂದೂ ಅತ್ತವರಲ್ಲ.

ಸಂಕ್ರಾಂತಿ ಮುಗಿದ ವಾರ ಗಾಡಿ ಹೂಡಿಸಿದೆ. ನಮ್ಮ ಶಟ್ಟೆಪ್ಪನೇ ಗಾಡಿ ಹೊಡೆದ. ಆಯಿಗೆ ರಾಮದುರ್ಗದಲ್ಲಿ ಶಾಲೆಯ ಕೆಲಸವಿದೆ ಎಂದೆ. ನೋಡು, ಸುಳ್ಳು ಎಷ್ಟು ಸರಾಗ. ಬೀರಪ್ಪ ರಾಮದುರ್ಗದಲ್ಲಿದ್ದಾನೆಂದು ವಿಚಾರಿಸಿಕೊಂಡಿದ್ದೆ. ಇಂಗ್ಲಿಷರ ಖಾತೆಯ ಆದೇಶ ಸಂಸ್ಥಾನದ ಗಡಿ ದಾಟುವುದಿಲ್ಲವಲ್ಲ, ಕೆಲಸ ಹೋದ ವರ್ಷವೇ ಮನೆಮಂದಿ ಕಟ್ಟಿಕೊಂಡು ಮಲಪ್ರಭೆಯ ಆಚೆ ದಂಡೆ ಸೇರಿದ್ದ. ದಾರಿಯಲ್ಲಿ ಯರಗಟ್ಟಿ ಹಳ್ಳದ ಬಳಿ ಗಾಡಿ ನಿಲ್ಲಿಸಿದೆ. ಅಲ್ಲಿ ಈಗ ಹೊಸ ಗೋಡೆಯಿದೆ, ನಂತರದ ಎಂಜಿನಿಯರು ಕಟ್ಟಿಸಿದ್ದು. ಮಣ್ಣಿಗೆ ಬೆನ್ನು ಕೊಟ್ಟು ಚೆನ್ನಾಗಿ ವಾಲಿದೆ. ಎಂಟು ಮಳೆಗಾಲ ಕಂಡಿದೆ. ಶಟ್ಟೆಪ್ಪ ಬೀಡಿ ಹಚ್ಚುತ್ತ, 'ಇದು ಬೀರಪ್ಪ ಕಟ್ಟಿದ್ದಲ್ರಿ ಅವ್ವಾರ. ಆದ್ರ ಬೀರಪ್ಪ ಹೇಳಿದ್ದ ಐತ್ರಿ' ಎಂದ. ಊರಿಗೆಲ್ಲ ಗೊತ್ತಿತ್ತು ಎಂದಾಯಿತು.

ರಾಮದುರ್ಗದ ಅಂಚಿಗೆ, ಕಲ್ಲು ಒಡೆಯುವವರ ಕೇರಿಯಲ್ಲಿ ಬೀರಪ್ಪ ಬೀಸುವ ಕಲ್ಲಿಗೆ ಹಲ್ಲು ಹಾಕುತ್ತ ಕೂತಿದ್ದ. ಮೊದಲು ನನ್ನನ್ನು ಗುರುತಿಸಿದವಳು ಅವನ ಹೆಂಡತಿ ಕರೆವ್ವ. ಸೊಂಟಕ್ಕೆ ಕೈಕೊಟ್ಟು, 'ಒಂಬತ್ತ ವರ್ಷ ಬೇಕಾತೇನ್ರಿ ಬಾಯೇರ, ಬೈಲಹೊಂಗಲದಿಂದ ರಾಮದುರ್ಗಕ್ಕ ಬರಾಕ? ನಿಮ್ಮ ಎತ್ತ ಭಾಳ ಸಾವಕಾಶ ನಡಿತಾವ ಬಿಡ್ರಿ' ಎಂದಳು. ಆದರೂ ನೀರು ತಂದಳು. ಕುಡಿದೆ. ನಮ್ಮ ಅಂಗಳದಲ್ಲಿ ಅವರು ಬೊಗಸೆ ಒಡ್ಡಿ ಕುಡಿಯುತ್ತಿದ್ದದ್ದು ನೆನಪಾಯಿತು. ಕುಡಿದದ್ದನ್ನು ನಿನಗೆ ಬರೆಯುತ್ತಿರುವುದು ಯಾವ ಜಂಬಕ್ಕೋ ಎಂದು ಈಗ ಅನ್ನಿಸುತ್ತಿದೆ, ಅಳಿಸುವುದಿಲ್ಲ, ಇರಲಿ.

ನಿಂತೇ ಹೇಳಿದೆ. ರಿಪೋರ್ಟಿನ ಆ ಸಾಲು ನಮ್ಮ ಯಜಮಾನರದಲ್ಲ, ನನ್ನದು, ಅವರು ನಿಜವನ್ನೇ ಗೀಚಿದ್ದರು, ನಾನು ಬದಲಿಸಿದೆ ಎಂದೆ. ಬೀರಪ್ಪ ಚಾಣ ಕೆಳಗಿಟ್ಟ. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. 'ಸಾಹೇಬ್ರು ತಾವ ಬರದದ್ದಂತಿದ್ರು. ನೀವ ನೋಡಿದ್ರ ನಾ ಬರದದ್ದಂತೀರಿ. ಒಂದ ಸುಳ್ಳಿಗೆ ಇಬ್ಬರ ಮಾಲಕರ ಆದ್ರಲ್ರಿ! ಖರೇದ್ದಕ್ಕ ಒಬ್ಬರೂ ಇರಲಿಲ್ಲ ಆಗ.'

ನಿನ್ನ ಅಪ್ಪ ಅಲ್ಲಿಗೆ ಹೋಗುತ್ತಿದ್ದರಂತೆ, ರಾಮಲಿಂಗಾ. ಪ್ರತಿ ವರ್ಷ ಯುಗಾದಿ ಆದಮೇಲೆ, ಸುತ್ತಾಟದ ಕೆಲಸವಿದೆ ಎಂದು ಎರಡು ಮೂರು ದಿನ ಹೋಗುತ್ತಿದ್ದರಲ್ಲ, ಆಗ. ಮೊದಲ ವರ್ಷ ಹೋಗಿ ಕೈಮುಗಿದು ನಿಂತರಂತೆ. ಬೀರಪ್ಪ ಮಾತಾಡಿಸಲಿಲ್ಲ. ಎರಡನೆಯ ವರ್ಷ, 'ಸುಮ್ನ ಯಾಕ ನಿಂತೀರಿ, ಕುಂತ ಒಂದ ಕಲ್ಲರ ಕೆತ್ರಿ' ಎಂದನಂತೆ. ಅಂಗಿ ತೆಗೆದಿಟ್ಟು ಕೂತರಂತೆ. 'ಚಾಣಾ ಹಿಡಿಯಾಕ ಬರತಿರಲಿಲ್ರಿ. ಬೆರಳಿಗೆ ಬಡಕೊಂಡು ಒದರತಿದ್ರು. ನಾಕ ವರ್ಷದಾಗ ಒಂದ ಮಗ್ಗಲಾ ಸಪಾಟ ಮಾಡಿದ್ರು ನೋಡ್ರಿ' ಎಂದು ಬೀರಪ್ಪ ತೋರಿಸಿದ. ಬಚ್ಚಲಿನ ಪಕ್ಕ ಆ ಕಲ್ಲು ಬಿದ್ದಿತ್ತು, ಮೂರು ಕಡೆ ಒರಟು, ಒಂದು ಕಡೆ ನುಣುಪು. ಕರೆವ್ವ, 'ನನಗ ಅರಬಿ ಒಗಿಯಾಕ ಚಲೋ ಆಗೇತ್ರಿ' ಎಂದಳು. ಆ ಬೆರಳಿನ ಗಾಯಗಳಿಗೆ ನಾನೇ ಅರಿಷಿಣ ಹಚ್ಚಿದ್ದೆ. ಗಾಡಿಯ ಬಾ‌ಗಿಲಿಗೆ ಸಿಕ್ಕಿತೆಂದು ಹೇಳಿದ್ದನ್ನು ನಂಬಿದ್ದೆ.

ಬೀರಪ್ಪ ಅವರಲ್ಲಿ ಒಂದೇ ಒಂದನ್ನು ಕೇಳಿದ್ದನಂತೆ, ಒಂದು ಕಾಗದ. ಗೋಡೆ ಬಿದ್ದದ್ದು ಇವನ ತಪ್ಪಿನಿಂದಲ್ಲ ಎಂದು ಖಾತೆಯವರು ಬರೆದ ಕಾಗದ. 'ಅದೊಂದ ಕೇಳಬ್ಯಾಡ ಬೀರಪ್ಪಾ' ಎಂದು ಇವರು ತಲೆ ತಗ್ಗಿಸುತ್ತಿದ್ದರಂತೆ. ಏಕೆಂದು ಈಗ ನಮಗಿಬ್ಬರಿಗೂ ಗೊತ್ತು. ಬಾಯಿ ಬಿಟ್ಟಿದ್ದರೆ ಯಾರ ಅಕ್ಷರ ಎಂಬ ಪ್ರಶ್ನೆ ಬರುತ್ತಿತ್ತು, ಕೆಲಸ ಹೋಗುತ್ತಿತ್ತು, ನನ್ನ ಹೆಸರು ಕಚೇರಿಗಳಲ್ಲಿ ಓಡಾಡುತ್ತಿತ್ತು. ಅವರು ನನ್ನನ್ನು ಕಾಯ್ದರು. ಬೀರಪ್ಪನನ್ನು ಕಾಯಲಿಲ್ಲ. ಅವರನ್ನು ದೇವರು ಮಾಡಬೇಡ, ಮಗನೇ; ಧೈರ್ಯ ಅವರಲ್ಲೂ ಅಲ್ಲಿಯವರೆಗೇ ಇತ್ತು. ಆದರೆ ತನ್ನಲ್ಲಿ ಎಷ್ಟು ಕಡಿಮೆಯಿದೆ ಎಂಬುದನ್ನು ತಿಳಿದುಕೊಂಡು, ಕರೆದು ಕೊಟ್ಟ ಗೌರವವನ್ನು ಮೂರು ಸಲ ಹಿಂದಿರುಗಿಸಿದ ಮನುಷ್ಯನನ್ನು ಗೌರವಿಸದಿರಲು ನನಗೆ ಆಗುತ್ತಿಲ್ಲ.

ಈಗ ಏನು ಬೇಕೆಂದು ಕೇಳಿದೆ. ಬೀರಪ್ಪ ಹೇಳಿದ: 'ರೊಕ್ಕಾ ಬ್ಯಾಡ್ರಿ. ಕೆಲಸಾನೂ ಬ್ಯಾಡ್ರಿ, ಕೈ ನಡಗತಾವ. ಸವದತ್ತಿ ಕಡೆ ಲಗ್ನಕ್ಕ ಹೋದ್ರ ಬಿದ್ದಗ್ವಾಡಿ ಬೀರಪ್ಪ ಬಂದಾ ಅಂತಾರ್ರಿ. ನನ್ನ ಮಗಳಿಗೆ ಬಿದ್ದಗ್ವಾಡಿಯವರ ಮಗಳ ಅಂತ ಹೆಸರ ಇಟ್ಟಾರ್ರಿ. ನಾ ಕಟ್ಟಿದ ಗ್ವಾಡಿ ಒಂದೂ ಬಿದ್ದಿಲ್ರಿ. ಸರಕಾರ ಬರದದ್ದನ್ನ ಸರಕಾರನ ಅಳಸಬೇಕ್ರಿ. ನಾ ಇರೂದರೊಳಗ ಆದ್ರ ಚಲೋ.' ಕರೆವ್ವ ಒಳಗಿನಿಂದ, 'ಬಾಯೇರ ಬರಿಯಾಕ ಶಾಣ್ಯಾ ಅದಾರಲ್ಲ, ಬರೀಲೇಳು' ಎಂದಳು. ಮೂದಲಿಕೆಯೇ. ಆದರೆ ಹೊರಡುವಾಗ ಮಡಿಲಿಗೆ ಹಿಡಿ ಕಡಲೆ ಹಾಕಿದಳು.

ಮರಳಿ ಬರುವ ದಾರಿಯಲ್ಲಿ ಎರಡು ದಿನ ನನ್ನನ್ನು ನಾನೇ ಕೇಳಿಕೊಂಡೆ. ಹೋದವರು ಮುಚ್ಚಿಟ್ಟದ್ದನ್ನು ನಾನು ತೆರೆಯಬಹುದೆ? ಅವರ ಹೆಸರಿಗೂ ಇದರಲ್ಲಿ ಮಸಿ ತಗಲುತ್ತದೆ. ಇಷ್ಟು ವರ್ಷದ ಮೇಲೆ ಹೇಳುವುದು ಬೀರಪ್ಪನಿಗಾಗಿಯೋ, ನನ್ನ ಎದೆ ಹಗುರಾಗಲೆಂದೋ? ಎರಡಕ್ಕೂ ಇರಬಹುದು. ಮನಸ್ಸು ಚೊಕ್ಕವಾಗುವವರೆಗೆ ಕಾಯ್ದರೆ ಬೀರಪ್ಪ ಇರುವುದಿಲ್ಲ. ಅಷ್ಟು ಸಾಕು ಎನಿಸಿತು. ಮನೆಗೆ ಬಂದು ಕಾಲು ತೊಳೆಯುವ ಮುಂಚೆಯೇ ನನ್ನ ಇಂಗ್ಲಿಷ್ ನಿಘಂಟು ತೆಗೆದೆ. ಅವರು ಸೀಸದ ಕಡ್ಡಿಯಲ್ಲಿ ಗೀಚಿದ ಆ ಹಾಳೆ ಅದರೊಳಗೇ ಇತ್ತು. ಏಕೆ ಸುಡಲಿಲ್ಲವೋ ನನಗೇ ಗೊತ್ತಿಲ್ಲ. ಅಕ್ಷರ ಮಾಸಿದೆ, ಆದರೆ ಓದಲು ಬರುತ್ತದೆ.

ಇನ್ನು ನಿನ್ನ ಪ್ರಶ್ನೆ. ಲಾಜಿಗೆ ಸೇರಬೇಡವೆಂದು ನಾನು ಹೇಳುವುದಿಲ್ಲ. ಪಾಠಗಳು ಒಳ್ಳೆಯವು. ಪಾಠ ಕೇಳಿದ ವರ್ಷವೇ ನಿನ್ನ ಅಪ್ಪ ಎಡವಿದರು, ಹಾಗೆಂದು ಪಾಠ ಕೆಟ್ಟದ್ದಾಗಲಿಲ್ಲ. ಗುಂಡನ್ನು ಎಲ್ಲಿ ಬಿಡಬೇಕೆಂದು ಅವರಿಗೆ ತಡವಾಗಿ ತಿಳಿಯಿತು, ನನಗೆ ಅದಕ್ಕಿಂತಲೂ ತಡವಾಗಿ. ಆದರೆ ಬಿಳಿಯರ ಮೇಲೆ ಹಗೆ ತೀರಿಸಲೆಂದು ಏರಬೇಡ. ಅವರದು ಬೇರೆ ತಪ್ಪುಗಳು ಸಾಕಷ್ಟಿವೆ, ಇದನ್ನು ಅವರ ತಲೆಗೆ ಕಟ್ಟುವುದು ಬೇಡ. ಏಪ್ರನ್ ನಿನಗಾಗಿ ಗೂಟದಿಂದ ತೆಗೆದು ಕೊಟ್ಟಿಗೆಯಲ್ಲೇ ಒರೆಸಿಟ್ಟಿದ್ದೇನೆ. ಅದರ ಮೇಲೆ ನೀಲಿ ರಿಬ್ಬನ್ನಿನ ಹೂ ಎರಡೇ ಇವೆ, ಮೂರನೆಯದರ ಜಾಗ ಖಾಲಿ. ನೀನು ಮಲಪ್ರಭೆ ದಾಟಿ ಒಮ್ಮೆ ಬೀರಪ್ಪನನ್ನು ನೋಡಿ ಬಂದು ಆಮೇಲೆ ಅದನ್ನು ಕಟ್ಟಿಕೊಂಡರೆ ನನಗೆ ಸಂತೋಷ. ಹುಡುಗ ಎಂಜಿನಿಯರ್ ಆಗುತ್ತಾನಂತೆ ಎಂದಾಗ ಅವನು, 'ಬರಲಿ ಬಿಡ್ರಿ, ಮಣ್ಣಿನ ಸುದ್ದಿ ನಾ ಹೇಳತೇನಿ' ಎಂದಿದ್ದಾನೆ. ಕಾಲೇಜಿನಲ್ಲಿ ಸಿಗದ ಮೇಷ್ಟರು, ಬಿಡಬೇಡ.

ಸಿಟ್ಟು ಬಂದರೆ ಸಿಟ್ಟಿನಲ್ಲೇ ಉತ್ತರ ಬರೆ. ಸುಮ್ಮನಿರಬೇಡ. ಈ ಮನೆಯಲ್ಲಿ ಸುಮ್ಮನಿದ್ದು ನೋಡಿದ್ದಾಗಿದೆ. ಆಯಿ ನಿನ್ನ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿದ್ದಾರೆ, ಮತ್ತು ಶಿವರಾತ್ರಿಗೆ ಉಪವಾಸ ಬೇಡ, ಕೆಮ್ಮು ಹೆಚ್ಚುತ್ತದೆ ಎಂದಿದ್ದಾರೆ. ಶಟ್ಟೆಪ್ಪ ಸಲಾಮು ಹೇಳಿದ್ದಾನೆ. ನೀನು ಚೆನ್ನಾಗಿರು, ನೀನು ಕಟ್ಟುವುದೆಲ್ಲ ನಿಲ್ಲಲಿ.

ನಿನ್ನ ಅವ್ವ,
ಇಂದ್ರವ್ವ

ತಾ.ಕ. — ಹೇಳಬೇಕಾದ್ದನ್ನು ಮತ್ತೆ ಕೊನೆಗೇ ತಳ್ಳಿದೆ ನೋಡು. ಬೆಳಗಾವಿಯ ಎಕ್ಸಿಕ್ಯುಟಿವ್ ಎಂಜಿನಿಯರಿಗೆ ಪತ್ರ ಬರೆದು ಮುಗಿಸಿದ್ದೇನೆ. ಯಾರ ಆದೇಶದಿಂದ ಗೋಡೆ ನೆಟ್ಟಗಾಯಿತು, ಯಾರ ಕೈ ಸಾಲನ್ನು ಬದಲಿಸಿತು, ಎಲ್ಲ ಅದರಲ್ಲಿದೆ. ಬೀರಪ್ಪನ ಮೇಲಿನ ಆದೇಶ ಅಳಿಸಿ ಅವನಿಗೆ ಕಾಗದ ಕೊಡಬೇಕೆಂದು ಕೇಳಿದ್ದೇನೆ. ಅಪ್ಪ ಗೀಚಿದ ಹಾಳೆಯೂ ಜೊತೆಗೆ ಹೋಗುತ್ತದೆ. ಈ ಸಲ 'ತೋರುತ್ತದೆ' ಎಂದು ಎಲ್ಲೂ ಬರೆದಿಲ್ಲ. ಅದೇ ಕಚೇರಿಯಲ್ಲಿ ನಿನ್ನ ನೇಮಕದ ಅರ್ಜಿ, ಅಪ್ಪನ ಒಳ್ಳೆಯ ಹೆಸರಿನ ಮೇಲೆ, ಮಾರ್ಚ್‌ನಲ್ಲಿ ಮೇಜಿಗೆ ಬರುವುದೆಂದು ನನಗೆ ಗೊತ್ತು. ಅದು ಕೆಡಬಹುದು. ಅದಕ್ಕೇ ನಿನಗೆ ಮೊದಲು ತಿಳಿಸುತ್ತಿದ್ದೇನೆ, ಒಪ್ಪಿಗೆ ಕೇಳುತ್ತಿಲ್ಲ. ಹೌದು ಎಂದರೂ ಅಲ್ಲ ಎಂದರೂ ಆ ಭಾರ ನಿನ್ನದಾಗಬಾರದು. ನಿನಗೆ ಬರೆದ ಈ ಪತ್ರ ನಾಡಿದ್ದು ಟಪಾಲಿಗೆ ಬೀಳುತ್ತದೆ, ಗುರುವಾರ ಶುಕ್ರವಾರದೊಳಗೆ ನಿನಗೆ ಮುಟ್ಟುತ್ತದೆ. ಎಂಜಿನಿಯರ್ ಸಾಹೇಬರಿಗೆ ಬರೆದ ಪತ್ರವನ್ನು ನಾನೇ ಹೋಗಿ ಹಾಕುತ್ತೇನೆ, ಸೋಮವಾರ, ಫೆಬ್ರುವರಿ ಹನ್ನೆರಡಕ್ಕೆ.